ಹೊಸಬರಿಗೆ ಮಾರ್ಗದರ್ಶಿ: ಕಾಸರಗೋಡಿನ ಮಳೆ ಮತ್ತು ನಿಮ್ಮ ಸಾರಿನ ಪುಡಿ

ಪೆರಿಯದ ಯೂನಿವರ್ಸಿಟಿಗೋ ಸಿಪಿಸಿಆರ್‌ಐಗೋ (ತೋಟದ ಬೆಳೆಗಳ ಸಂಶೋಧನಾ ಕೇಂದ್ರ) ಬ್ಯಾಂಕ್ ಟ್ರಾನ್ಸ್‌ಫರ್ ಆಗಿಯೋ ಬಂದವ್ರೆಲ್ಲ ಮೊದಲು ಕೇಳೋದು ಬಾಡಿಗೆ ಮನೆ, ಮಕ್ಕಳ ಸ್ಕೂಲು. ಅದೆಲ್ಲ ಬೇರೆ ಭಾಗದಲ್ಲಿ ಉಂಟು. ಪುಡಿ ಡಬ್ಬದ ವಿಷಯ ಯಾರೂ ಕೇಳೋದಿಲ್ಲ, ಜುಲೈಯಲ್ಲಿ ಹುಳ ಕಂಡಮೇಲೆ ಫೋನ್ ಮಾಡ್ತಾರೆ.

ಊರಿಂದ ತರೋ ಪುಡಿ

ತುಮಕೂರು, ದಾವಣಗೆರೆ ಕಡೆ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಾಡಿ ಡಬ್ಬಕ್ಕೆ ತುಂಬೋದು ನಡೀತದೆ, ಅಲ್ಲಿ ಹವೆ ಒಣ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೇಲೆ ಮಳೆ, ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗೀತದೆ, ಆಗ ಗೋಡೆಯೇ ಬೆವರ್ತದೆ, ಪುಡಿ ಗಟ್ಟಿ ಕಟ್ಟದೆ ಇನ್ನೇನು. ಅಮ್ಮ ಪ್ರೀತಿಯಿಂದ ಐದು ಕೆಜಿ ಕಟ್ಟಿಕೊಟ್ರೆ ಬೇಡ ಅನ್ನೋದು ಕಷ್ಟ, ಗೊತ್ತು. ಆದ್ರೆ ಅರ್ಧ ಕೆಜಿ ಪುಡಿ ತನ್ನಿ, ಉಳಿದದ್ದು ಕೊತ್ತಂಬರಿ ಬೀಜ, ಜೀರಿಗೆ, ಮೆಂತೆ, ಬ್ಯಾಡಗಿ ಮೆಣಸು ಹಾಗೇ ಇಡಿಯಾಗಿ ತನ್ನಿ. ಕೊತ್ತಂಬರಿ ಜೀರಿಗೆಯ ಪರಿಮಳ ಅಂದ್ರೆ ಹಾರಿಹೋಗೋ ಎಣ್ಣೆ, ಕಾಳಿನೊಳಗೆ ಇರುವಷ್ಟು ದಿನ ಭದ್ರ, ಪುಡಿಯಾದ ಗಳಿಗೆಯಿಂದ ಹೋಗ್ಲಿಕ್ಕೆ ಶುರು. ಮೆಣಸಿನ ಖಾರ ಮಾತ್ರ ಅಷ್ಟು ಬೇಗ ಹೋಗೋದಿಲ್ಲ, ಅದಕ್ಕೇ ಹಳೇ ಪುಡಿಯ ಸಾರು ನಾಲಗೆ ಸುಡ್ತದೆ, ಘಮ ಅಂತ ಒಂದಿಷ್ಟೂ ಇರೋದಿಲ್ಲ, ಮತ್ತೆ ಇಲ್ಲಿಯ ನೀರು ಸರಿ ಇಲ್ಲ ಅಂತ ದೂರು! ನೀರನ್ನು ಬೈಬೇಡಿ ಮಾರಾಯ್ರೆ, ಡಬ್ಬ ಮೂಸಿ ನೋಡಿ.

ಮಳೆಗಾಲದಲ್ಲಿ ಹದಿನೈದು ದಿನ, ಹೆಚ್ಚಂದ್ರೆ ಒಂದು ತಿಂಗಳಿಗಾಗುವಷ್ಟು ಮಿಕ್ಸಿಯಲ್ಲಿ ಮಾಡಿಕೊಳ್ಳಿ. ಇಡಿ ಸಾಮಾನನ್ನು ಪತ್ತನಾಜೆಗೆ ಮೊದಲು, ಅಂದ್ರೆ ಮೇ 24ರ ಆಸುಪಾಸಿನೊಳಗೆ, ಚೆನ್ನಾಗಿ ಬಿಸಿಲಿಗೆ ಹಾಕಿ, ಪೂರ್ತಿ ತಣಿದ ಮೇಲೆ ಮುಚ್ಚಳ ಹಾಕಿ. ಇಲ್ಲಿಯ ಹಳೇ ಹಂಚಿನ ಮನೆಗಳಲ್ಲಿ ಒಲೆಯ ಮೇಲೆ ಅಟ್ಟ ಇತ್ತು, ಹೊಗೆಯಲ್ಲೇ ಎಲ್ಲ ಒಣಗಿ ಇರ್ತಿತ್ತು. ನಿಮ್ಮ ಫ್ಲಾಟಲ್ಲಿ ಅಟ್ಟ ಎಲ್ಲಿಂದ ಬರ್ಬೇಕು.

ಹುರಿಯುವಾಗ ಎಣ್ಣೆ ಹಾಕ್ಬೇಡಿ, ಕೊಬ್ಬರಿಯನ್ನೂ ಸೇರಿಸ್ಬೇಡಿ, ಎರಡೂ ಬೇಗ ಕನರು ಹಿಡೀತಾವೆ. ಕೊದ್ದೆಲು, ಅಂದ್ರೆ ಇಲ್ಲಿಯ ತೆಂಗಿನಕಾಯಿ ಅರೆದು ಹಾಕೋ ಸಾಂಬಾರು, ಕಲಿತ ಮೇಲೆ ನಿಮಗೇ ಗೊತ್ತಾಗ್ತದೆ, ಇಲ್ಲಿ ತೆಂಗಿನಕಾಯಿ ಮಸಾಲೆ ಆಗಿಂದಾಗ್ಗೆ ಅರೆಯೋದು ಸುಮ್ಮನೆ ಅಲ್ಲ.

ಡಬ್ಬ

- ಗಾಜಿನ ಬಾಟ್ಲಿ, ಬಿಗಿ ಮುಚ್ಚಳ
- ತೆಳು ಪ್ಲಾಸ್ಟಿಕ್ ಕವರ್ ಬೇಡ
- ಗ್ಯಾಸ್ ಒಲೆ ಪಕ್ಕ, ಕಿಟಕಿ ಬಿಸಿಲು ಬೇಡ, ಅರಿಶಿನ ಮತ್ತು ಮೆಣಸಿನ ಪುಡಿ ಬಣ್ಣ ಬಿಡ್ತದೆ
- ಒದ್ದೆ ಚಮಚ ಬೇಡ
- ಮೇಲೆ ತಾರೀಕು ಬರೆದ ಚೀಟಿ

ಇನ್ನೊಂದು, ಕುದಿಯೋ ಪಾತ್ರೆ ಮೇಲೆ ಬಾಟ್ಲಿ ಹಿಡಿದು ಉದುರಿಸೋ ಅಭ್ಯಾಸ ಎಲ್ಲರಿಗೂ ಉಂಟು. ಹಬೆ ಸೀದಾ ಒಳಗೆ. ತಟ್ಟೆಗೆ ತೆಗೆದು ಹಾಕಿ.

ಫ್ರಿಜ್

ಇಡಬಹುದು. ಆದ್ರೆ ತಣ್ಣಗಿನ ಬಾಟ್ಲಿಯನ್ನು ತೆಗೆದ ಕೂಡ್ಲೇ ತೆರೆದ್ರೆ ಹೊರಗಿನ ತೇವ ಪುಡಿ ಮೇಲೆ ನೀರಾಗಿ ಕೂರ್ತದೆ, ಹೊರಗೆ ಅರ್ಧ ಗಂಟೆ ಬಿಟ್ಟು ತೆರೀರಿ. ದೊಡ್ಡ ಬಾಟ್ಲಿ ಒಳಗಿರ್ಲಿ, ವಾರಕ್ಕಾಗುವಷ್ಟು ಸಣ್ಣದರಲ್ಲಿ ಹೊರಗೆ.

ಬಿಸಾಡ್ಬೇಕಾದ್ದು

ಬೂಷ್ಟು ಬಂದದ್ದನ್ನು, ಮುಗ್ಗಲು ವಾಸನೆ ಹೊಡೆದದ್ದನ್ನು ಹುರಿದು ಬಳಸೋ ಜಾಣತನ ಬೇಡ. ಮೆಣಸಿನ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಅದು ಕುದಿಸಿದ್ರೂ ಪೂರ್ತಿ ಹೋಗೋದಿಲ್ಲ. ಕಂದು ಬಣ್ಣದ ಸಣ್ಣ ಹುಳ ಕಂಡ್ರೆ ಆ ಡಬ್ಬ ಒಂದೇ ಅಲ್ಲ, ಪಕ್ಕದ ಅರಿಶಿನ, ಕೊತ್ತಂಬರಿ ಎಲ್ಲ ನೋಡಿ.

ಅಂಗಡಿ, ಮಿಲ್ಲು

ಪೇಟೆಯಲ್ಲಿ ಕನ್ನಡದಲ್ಲೇ ಕೇಳಿ, ಎಷ್ಟೋ ಅಂಗಡಿಯವರಿಗೆ ಬರ್ತದೆ. ಬಂದ ಮರುದಿನವೇ ಇಂಗ್ಲಿಷ್ ಶುರು ಮಾಡಿದ್ರೆ ಅವರಾದ್ರೂ ಯಾಕೆ ಕನ್ನಡ ಮಾತಾಡ್ಬೇಕು? ಮಿಲ್ಲಿನಲ್ಲಿ ಪುಡಿ ಬಿಸಿಬಿಸಿಯಾಗಿ ಬರ್ತದೆ, ಹಾಗೇ ಕಟ್ಟಿಸಿಕೊಂಡು ಬಂದ್ರೂ ಮನೆಗೆ ತಲುಪಿದ ತಕ್ಷಣ ಪೇಪರ್ ಮೇಲೆ ಹರಡಿ, ಮಳೆ ದಿನ ಆದ್ರೆ ಫ್ಯಾನ್ ಕೆಳಗೆ ಬೇಡ, ಒಣ ಕೋಣೆಯಲ್ಲಿ ಬಾಗಿಲು ಹಾಕಿ ಹರಡಿ, ತಣಿದ ಕೂಡ್ಲೇ ಬಾಟ್ಲಿಗೆ.