ಬಿಎಸ್‌ಎಲ್-3 ಲ್ಯಾಬ್‌ಗೆ ಪ್ರವೇಶ: ನನ್ನ ಅನುಭವ

ನಾನು ಟಿಬಿ ಬ್ಯಾಕ್ಟೀರಿಯ ಬೆಳೆಸುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ ಎಂದರೆ ನೆಂಟರಿಷ್ಟರು ಮೊದಲು ಕೇಳುವುದು, "ಆ ಬಿಳಿ ಗಾಳಿ ಸೂಟು ಹಾಕ್ಕೊಂಡು ಹೋಗ್ತೀಯಾ?" ಎಂದು. ಇಲ್ಲ. ಅದು ಬಿಎಸ್‌ಎಲ್-4, ಅಂದರೆ ಜೈವಿಕ ಸುರಕ್ಷತೆಯ ನಾಲ್ಕನೇ, ಅತಿ ಎತ್ತರದ ಮಟ್ಟ. ನಮ್ಮ ದೇಶದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2012ರಿಂದ ಅಂಥ ಲ್ಯಾಬ್ ಒಂದು ಇದೆ. ನಿಪಾ, ನಮ್ಮ ಮಲೆನಾಡಿನ ಮಂಗನ ಕಾಯಿಲೆ, ಇಂಥ ವೈರಸ್‌ಗಳ ಕೆಲಸ ಅಲ್ಲಿ ನಡೆಯುತ್ತದೆ. ನಾನಿರುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಬಿಎಸ್‌ಎಲ್-3 ಲ್ಯಾಬ್‌ನಲ್ಲಿ. ಗಾಳಿಯಲ್ಲಿ ಹರಡುವ, ಗಂಭೀರ ಕಾಯಿಲೆ ತರುವ, ಆದರೆ ಔಷಧಿ ಇರುವ ರೋಗಾಣುಗಳಿಗೆ ಸಾಮಾನ್ಯವಾಗಿ ಈ ಮಟ್ಟ. ಇಲ್ಲಿಗೆ ಹೋಗಲು ಏನೇನು ಬೇಕು ಎಂದು ಪಿಎಚ್‌ಡಿಗೆ ಸೇರುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅನುಮತಿ ಸಿಗಬೇಕಾದದ್ದು ನಿಮಗಲ್ಲ, ನಿಮ್ಮ ಪ್ರಯೋಗಕ್ಕೆ. ಪ್ರತಿ ಸಂಸ್ಥೆಯಲ್ಲೂ ಒಂದು ಜೈವಿಕ ಸುರಕ್ಷತಾ ಸಮಿತಿ ಇರುತ್ತದೆ. ಅದರಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ನೇಮಿಸಿದ ಸದಸ್ಯರೂ ಇರುತ್ತಾರೆ. ಯಾವ ತಳಿ, ಎಷ್ಟು ಪ್ರಮಾಣ, ಏನು ಮಾಡುತ್ತೀರಿ, ಕಸದಲ್ಲಿ ಉಳಿದ ರೋಗಾಣುಗಳನ್ನು ಹೇಗೆ ಕೊಲ್ಲುತ್ತೀರಿ, ಎಲ್ಲವನ್ನೂ ಬರೆದು ಕೊಡಬೇಕು. ಇದರ ಹಿಂದೆ ಇರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಬಂದ 1989ರ ನಿಯಮಗಳು, ಜೊತೆಗೆ ಇಲಾಖೆಯ 2017ರ ಮಾರ್ಗಸೂಚಿ. ಸಮಿತಿ ಒಪ್ಪಿದ ಪ್ರಯೋಗದ ಅರ್ಜಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಯೂ ಶುರುವಾಗುವುದಿಲ್ಲ. "ಸುಮ್ನೆ ನೋಡ್ಕೊಂಡು ಬರ್ತೀನಿ" ಎನ್ನುವುದಕ್ಕೆ ಜಾಗವೇ ಇಲ್ಲ.

ಆಮೇಲೆ ವೈದ್ಯರು. ಇದು ಒಂದು ಸಹಿ ಹಾಕಿ ಮುಗಿಸುವ ಕೆಲಸ ಎಂದುಕೊಂಡು ಹೋದೆ. ಆದರೆ ಜಾಸ್ತಿ ಯೋಚನೆಗೆ ಹಚ್ಚಿದ್ದು ಇದೇ. ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಹಳೆಯ ಕಾಯಿಲೆಗಳ ವಿವರ. ಡಯಾಬಿಟಿಸ್ ಇದೆಯಾ, ಸ್ಟಿರಾಯ್ಡ್ ತೆಗೆದುಕೊಳ್ಳುತ್ತೀರಾ ಎಂದು ಬಿಡಿಸಿ ಬಿಡಿಸಿ ಕೇಳಿದರು. ಎರಡೂ ಟಿಬಿ ಕಾಯಿಲೆಯಾಗುವ ಅಪಾಯವನ್ನು ಹೆಚ್ಚಿಸುತ್ತವೆ. ಹೆಂಗಸರಿಗೆ ಇನ್ನೊಂದು ಮಾತು: ಗರ್ಭಿಣಿಯಾದರೆ ತಕ್ಷಣ ಬಂದು ಹೇಳಿ, ಒಳಗಿನ ಕೆಲಸ ನಿಲ್ಲಿಸೋಣ ಎಂದರು.

ತೊಡಕು ಇರುವುದು ಟಿಬಿ ಸೋಂಕಿನ ಪರೀಕ್ಷೆಯಲ್ಲಿ. ನಮ್ಮಲ್ಲಿ ಹುಟ್ಟಿದ ಮಗುವಿಗೇ ಬಿಸಿಜಿ ಲಸಿಕೆ ಹಾಕುತ್ತಾರೆ. ತೋಳಿಗೆ ಚುಚ್ಚಿ ಎರಡು ಮೂರು ದಿನ ಬಿಟ್ಟು ಊತ ಅಳೆಯುವ ಮಾಂಟೂ ಪರೀಕ್ಷೆ ಬಿಸಿಜಿಯಿಂದಲೂ ಪಾಸಿಟಿವ್ ಬರಬಹುದು. ಹಾಗಾಗಿ ಇಗ್ರಾ ಎನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ. ನಮ್ಮ ರಕ್ತದ ರೋಗನಿರೋಧಕ ಕಣಗಳು ಕೆಲವು ಪ್ರೋಟೀನುಗಳಿಗೆ ಹೇಗೆ ಪ್ರತಿಕ್ರಿಯಿಸುತ್ತವೆ ಎಂದು ಅದು ನೋಡುತ್ತದೆ; ಆ ಪ್ರೋಟೀನುಗಳು ಬಿಸಿಜಿಯಲ್ಲಿ ಇಲ್ಲ, ಟಿಬಿ ಬ್ಯಾಕ್ಟೀರಿಯದಲ್ಲಿ ಇವೆ. ಆದರೆ ನಮ್ಮ ದೇಶದಲ್ಲಿ ಬಸ್ಸಿನಲ್ಲೋ ಶಾಲೆಯಲ್ಲೋ ಯಾವಾಗಲೋ ಸೋಂಕು ತಗಲಿ, ಕಾಯಿಲೆಯಾಗದೆ ಅದು ಒಳಗೇ ಮಲಗಿರುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರಿಗೆ ಇಗ್ರಾ ಪಾಸಿಟಿವ್ ಬರುತ್ತದೆ. ಹಾಗೆ ಬಂದ ಮಾತ್ರಕ್ಕೆ ಲ್ಯಾಬ್ ಬಾಗಿಲು ಮುಚ್ಚುವುದಿಲ್ಲ. ಎಕ್ಸ್‌ರೇ ಸ್ವಚ್ಛವಾಗಿದ್ದು, ಕೆಮ್ಮು, ಜ್ವರ, ತೂಕ ಇಳಿಕೆ ಏನೂ ಇಲ್ಲದಿದ್ದರೆ ಸೇರಿಸಿಕೊಳ್ಳಬಹುದು. ನೆಗೆಟಿವ್ ಇದ್ದವರಿಗೆ ಆಗಾಗ ಪರೀಕ್ಷೆ ಮತ್ತೆ ಮಾಡುತ್ತಾರೆ. ನೆಗೆಟಿವ್‌ನಿಂದ ಪಾಸಿಟಿವ್‌ಗೆ ತಿರುಗಿದರೆ ಲ್ಯಾಬ್‌ನಲ್ಲೇ ತಗಲಿತೇ ಎಂದು ವಿಚಾರಿಸಲು ಅದು ದಾರಿ. ಮೊದಲೇ ಪಾಸಿಟಿವ್ ಇದ್ದವರಿಗೆ ಆ ದಾರಿ ಇಲ್ಲ. ಅವರು ಲಕ್ಷಣಗಳನ್ನೂ ಎಕ್ಸ್‌ರೇಯನ್ನೂ ನೆಚ್ಚಿಕೊಳ್ಳಬೇಕು. ಅದಕ್ಕೇ ಒಳಗೆ ಕಾಲಿಡುವ ಮುಂಚಿನ ವರದಿಗೆ ಅಷ್ಟು ಬೆಲೆ. ಕೆಲಸ ಶುರು ಮಾಡಿದ ಮೇಲೆ ಮಾಡಿಸಿದರೆ ಏನೂ ಉಪಯೋಗವಿಲ್ಲ.

ನನಗೆ ಹಿಡಿಸಿದ ಸಂಗತಿ ಎಂದರೆ, ವೈದ್ಯರು ಲ್ಯಾಬ್‌ಗೆ ಕಳಿಸುವ ಕಾಗದದಲ್ಲಿ 'ಅರ್ಹ' ಅಥವಾ 'ಸದ್ಯಕ್ಕೆ ಅರ್ಹರಲ್ಲ' ಎಂದಷ್ಟೇ ಇರುತ್ತದೆ. ಕಾರಣ ಬರೆಯುವುದಿಲ್ಲ. ನಿಮ್ಮ ಗೈಡ್‌ಗೆ ಅದು ತಿಳಿಯಬೇಕಾಗಿಲ್ಲ, ಅಲ್ವಾ?

ಮುಂದೆ ಮಾಸ್ಕ್. ಎನ್95 ಕೊಂಡು ಮುಖಕ್ಕೆ ಏರಿಸಿದರೆ ಆಗಲಿಲ್ಲ, ಅದು ನಿಮ್ಮ ಮುಖಕ್ಕೆ ಕೂರುತ್ತದೆಯೇ ಎಂದು ಪರೀಕ್ಷೆ ಆಗಬೇಕು. ತಲೆಯ ಮೇಲೆ ಪಾರದರ್ಶಕ ಗವಸು ಇಳಿಸಿ ಒಳಗೆ ಕಹಿ ದ್ರಾವಣ ಸಿಂಪಡಿಸುತ್ತಾರೆ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಬೇಕು, ಬಗ್ಗಬೇಕು, ಜೋರಾಗಿ ಮಾತಾಡಬೇಕು. ಏನು ಮಾತಾಡುವುದು? ನಾನು ಹದಿಮೂರರ ಮಗ್ಗಿ ಒಪ್ಪಿಸಿದೆ. ನಾಲಿಗೆಗೆ ಕಹಿ ತಾಗಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ, ಬೇರೆ ಸೈಜು ಅಥವಾ ಬೇರೆ ಕಂಪನಿಯದು ನೋಡಬೇಕು. ಗಡ್ಡ ಇದ್ದರೆ ಪರೀಕ್ಷೆಯನ್ನೇ ಮಾಡುವುದಿಲ್ಲ. ಕೂದಲ ಸಂದಿಯಲ್ಲಿ ಗಾಳಿ ನುಸುಳುತ್ತದೆ. ಅಯ್ಯಪ್ಪ ಮಾಲೆ ಹಾಕುವ ಗೆಳೆಯನೊಬ್ಬ ಆ ದಿನಗಳಲ್ಲಿ ಒಳಗಿನ ಕೆಲಸ ಇಟ್ಟುಕೊಳ್ಳುವುದೇ ಇಲ್ಲ. ಹೊರಗೆ ಕೂತು ಲೆಕ್ಕ, ಗ್ರಾಫು ಮುಗಿಸುತ್ತಾನೆ. ಯಾವಾಗಲೂ ಗಡ್ಡ ಬಿಡುವವರಿಗೆ ಬ್ಯಾಟರಿಯಿಂದ ಗಾಳಿ ಶೋಧಿಸಿ ಕೊಡುವ ಹುಡ್ ಇದೆ, ಆದರೆ ಅದು ದುಬಾರಿ. ಎಲ್ಲ ಕಡೆ ಇರುವುದಿಲ್ಲ.

ಬಳೆ, ಉಂಗುರ, ವಾಚು, ಮುಡಿದ ಹೂವು ಎಲ್ಲ ಹೊರಗಿನ ಲಾಕರ್‌ಗೆ. ಮೊಬೈಲ್ ಕೂಡ. ಒಳಗೆ ಹೋದ ನೋಟ್‌ಬುಕ್ ಹೊರಗೆ ಬರುವುದಿಲ್ಲ. ಒಳಗಿನ ಕಂಪ್ಯೂಟರಿನಲ್ಲಿ ಬರೆದು ನಮಗೇ ಮೇಲ್ ಮಾಡಿಕೊಳ್ಳುತ್ತೇವೆ.

ತರಬೇತಿ ಎಂದರೆ ಪಾಠ, ಪರೀಕ್ಷೆ ಇದ್ದೇ ಇರುತ್ತದೆ. ಅದು ಸುಲಭ. ಕಷ್ಟ ಇರುವುದು ಕೈಯಲ್ಲಿ. ಮೊದಲು ಬಿಎಸ್‌ಎಲ್-2ರಲ್ಲಿ ಚೆನ್ನಾಗಿ ಪಳಗಿರಬೇಕು. ಅಲ್ಲಿ ಸ್ಮೆಗ್ಮಾಟಿಸ್ ಎನ್ನುವ, ಟಿಬಿಯ ಸಾಧು ನೆಂಟನ ಜೊತೆ ಕೆಲಸ. ಅದು ಸುಮಾರು ಮೂರು ಗಂಟೆಗೆ ದುಪ್ಪಟ್ಟಾಗುತ್ತದೆ. ಟಿಬಿಯದ್ದು ಸುಮಾರು 20 ಗಂಟೆ, ಪ್ಲೇಟಿನ ಮೇಲೆ ಕಾಲೋನಿ ಕಾಣಲು ಮೂರು ನಾಲ್ಕು ವಾರ. ಸ್ಮೆಗ್ಮಾಟಿಸ್ ಜೊತೆ ಅಭ್ಯಾಸವಾದ ಆತುರವನ್ನು ಬಾಗಿಲ ಹೊರಗೇ ಬಿಡಬೇಕು. ನನ್ನ ಟ್ರೇನರ್, ದ್ರವ ಹೀರಿ ಹಾಕುವ ಪಿಪೆಟ್‌ನ ಬಟನ್ ಬಿಡುವ ವೇಗವನ್ನೇ ನೋಡುತ್ತಿದ್ದರು. ಬೇಗ ಬಿಟ್ಟರೆ, ಅಥವಾ ಕೊನೆಯ ಹನಿಯನ್ನು ರಭಸದಿಂದ ಒತ್ತಿದರೆ, ಕಣ್ಣಿಗೆ ಕಾಣದ ತುಂತುರು ಏಳುತ್ತದೆ. ಅದನ್ನು ತೋರಿಸಲು ಬ್ಯಾಕ್ಟೀರಿಯದ ಬದಲು ಹೊಳೆಯುವ ಬಣ್ಣದ ನೀರು ಕೊಟ್ಟು ಕೆಲಸ ಮಾಡಿಸಿ, ಆಮೇಲೆ ಯುವಿ ಲೈಟ್ ಹಾಕುತ್ತಾರೆ. ಗ್ಲೌಸು, ತೋಳು, ಕ್ಯಾಬಿನೆಟ್ಟಿನ (ಗಾಳಿ ಶೋಧಿಸುವ, ಒಳಗೆ ಕೈ ಹಾಕಿ ಕೆಲಸ ಮಾಡುವ ಪೆಟ್ಟಿಗೆಯ) ಅಂಚು ಎಲ್ಲೆಲ್ಲಿ ಹೊಳೆಯಿತೋ ಅದು ನಿಮ್ಮ ಕೈಯ ವರದಿ.

ಕಳಚುವುದೂ ಒಂದು ಪಾಠ. ಎರಡು ಜೊತೆ ಗ್ಲೌಸಿನಲ್ಲಿ ಹೊರಗಿನದನ್ನು ಕ್ಯಾಬಿನೆಟ್ಟಿನೊಳಗೇ ತೆಗೆಯಬೇಕು. ಮಾಸ್ಕ್ ಕೊನೆಗೆ, ಲ್ಯಾಬ್‌ನಿಂದ ಹೊರಬಂದ ಮೇಲೆ. ಹಾಕಿಕೊಳ್ಳುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಕಳಚುವಾಗ ಕೆಲಸ ಮುಗಿಯಿತು, ಹಸಿವಾಗಿದೆ, ಕ್ಯಾಂಟೀನ್ ಮುಚ್ಚುತ್ತದೆ ಎಂಬ ಯೋಚನೆ. ಅದಕ್ಕೇ ನಮ್ಮಲ್ಲಿ ಕಳಚುವಾಗ ಇನ್ನೊಬ್ಬರು ನಿಂತು ನೋಡುತ್ತಾರೆ.

ಕಟ್ಟಡವನ್ನೂ ಕಲಿಯಬೇಕು. ಹೊರಗಿನಿಂದ ಒಳಗೆ ಹೋದಂತೆ ಗಾಳಿಯ ಒತ್ತಡ ಕಮ್ಮಿಯಾಗುತ್ತದೆ, ಹಾಗಾಗಿ ಗಾಳಿ ಯಾವಾಗಲೂ ಒಳಮುಖ. ಹೊರಗೆ ಹೋಗುವ ಗಾಳಿ ಹೆಪಾ ಫಿಲ್ಟರ್ ದಾಟಬೇಕು. ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ 99.97 ಶೇಕಡಾ ಹಿಡಿಯುತ್ತದೆ. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯದು. ಒಳಗೆ ಹೋಗುವ ಮುಂಚೆ ಗೋಡೆಯ ಮೇಲಿನ ಒತ್ತಡದ ಮೀಟರ್ ಓದಿ ಪುಸ್ತಕದಲ್ಲಿ ಬರೆಯಬೇಕು. ಮುಳ್ಳು ಇರಬೇಕಾದಲ್ಲಿ ಇಲ್ಲದಿದ್ದರೆ ಅಂದಿನ ಪ್ರಯೋಗ ಅಲ್ಲಿಗೇ ರದ್ದು. ಕರೆಂಟ್ ಹೋದಾಗಿನ ಡ್ರಿಲ್ ಕೂಡ ಇದೆ. ಏಪ್ರಿಲ್ ಮೇ ತಿಂಗಳ ಸಂಜೆ ಮಳೆ ಬೆಂಗಳೂರಿಗರಿಗೆ ಗೊತ್ತೇ ಇದೆ. ಜನರೇಟರ್, ಯುಪಿಎಸ್ ಇದ್ದರೂ ಫ್ಯಾನಿನ ಸದ್ದು ಬದಲಾದರೆ ಟ್ಯೂಬಿನ ಮುಚ್ಚಳ ಹಾಕಿ, ಕೈ ತೊಳೆದು, ಕ್ರಮ ತಪ್ಪದೆ ಹೊರಗೆ ಬರಬೇಕು.

ಚೆಲ್ಲಿದಾಗಿನ ಡ್ರಿಲ್‌ನಲ್ಲಿ ನೀರು ಚೆಲ್ಲಿಸಿ ಮಾಡಿಸುತ್ತಾರೆ. ಕ್ಯಾಬಿನೆಟ್ಟಿನ ಹೊರಗೆ ಚೆಲ್ಲಿದರೆ ಒರೆಸಲು ಬಗ್ಗಬಾರದು. ಒಳಗಿದ್ದವರಿಗೆ ಕೂಗಿ ಹೇಳಿ, ಉಸಿರು ಬಿಗಿಹಿಡಿದು, ಎಲ್ಲರೂ ಹೊರಗೆ. ಗಾಳಿ ಶುದ್ಧವಾಗಲು ಕನಿಷ್ಠ ಅರ್ಧ ಗಂಟೆ ಬಿಟ್ಟೇ ಮತ್ತೆ ಒಳಗೆ. ನನ್ನ ಪ್ರಕಾರ ಇಡೀ ಪ್ರವೇಶ ಪ್ರಕ್ರಿಯೆಯಲ್ಲಿ ಅವರು ನಿಜಕ್ಕೂ ಅಳೆಯುವುದು ಆ ಕೂಗನ್ನು. ನೀವು ಎಷ್ಟು ಬುದ್ಧಿವಂತರು ಎಂಬುದನ್ನಲ್ಲ. ಚೆಲ್ಲಿತು, ಚುಚ್ಚಿತು, ಇವತ್ತು ಜ್ವರ, ರಾತ್ರಿ ನಿದ್ದೆ ಇಲ್ಲ ಎಂದು ನಾಚಿಕೆ ಬಿಟ್ಟು ಹೇಳುವವರಾ ನೀವು? ಹೇಳದವರಿಗೆ ಎಷ್ಟು ಮಾರ್ಕ್ಸ್ ಬಂದರೂ ಬಾಗಿಲು ತೆರೆಯುವ ಕಾರ್ಡ್ ಸಿಗಬಾರದು. ನಮ್ಮಲ್ಲಿ "ಇವತ್ತು ಒಳಗೆ ಹೋಗಲ್ಲ" ಎಂದವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ.

ಇಷ್ಟೆಲ್ಲ ಅತಿಯಾಯಿತು ಎನ್ನುವವರಿಗೆ ಹಳೆಯ ಕಥೆಗಳಿವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಿಸಿದ ನಂತರ, ಆ ವೈರಸ್ ಮೇಲೆ ಕೆಲಸ ಮಾಡಿದ ಲ್ಯಾಬ್ ಸಿಬ್ಬಂದಿಯಲ್ಲೇ ಹಲವರಿಗೆ ಸೋಂಕು ತಗಲಿತ್ತು. 2003ರಲ್ಲಿ ಸಿಂಗಾಪುರದಲ್ಲಿ ಬೇರೊಂದು ವೈರಸ್ ಮೇಲೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗೆ ಸಾರ್ಸ್ ಬಂತು. ಆತ ಬಳಸಿದ ಮಾದರಿಯಲ್ಲಿ ಸಾರ್ಸ್ ವೈರಸ್ ಬೆರೆತಿತ್ತು.

ಕೊನೆಯ ಹಂತ ಜೊತೆಗಾರರೊಂದಿಗಿನ ಪ್ರವೇಶ. ಮೊದಮೊದಲು ನೋಡುವುದಷ್ಟೇ, ಏನೂ ಮುಟ್ಟುವ ಹಾಗಿಲ್ಲ. ಆಮೇಲೆ ನೀವು ಮಾಡುತ್ತೀರಿ, ಅವರು ನೋಡುತ್ತಾರೆ. ಅವರು ಸಹಿ ಹಾಕಿದ ಮೇಲೆ ಕಾರ್ಡ್ ಚಾಲೂ ಆಗುತ್ತದೆ. ಅದೂ ಒಂದು ವರ್ಷಕ್ಕೆ. ತರಬೇತಿಯೋ ವೈದ್ಯಕೀಯ ತಪಾಸಣೆಯೋ ಬಾಕಿ ಉಳಿದರೆ ಬಾಗಿಲು ತಾನಾಗಿ ತೆರೆಯುವುದನ್ನು ನಿಲ್ಲಿಸುತ್ತದೆ. ಪ್ರೊಫೆಸರ್ ಆದರೂ ಅಷ್ಟೇ. ಎಸಿ ರಿಪೇರಿಯವರಿಗೂ ಕ್ಲೀನಿಂಗ್‌ನವರಿಗೂ ತರಬೇತಿ ಇದೆ, ಅದು ಕನ್ನಡದಲ್ಲೇ ನಡೆಯುತ್ತದೆ. ಅವರು ಕೇಳುವ ಪ್ರಶ್ನೆಗಳು ನಮ್ಮ ವಿದ್ಯಾರ್ಥಿಗಳದ್ದಕ್ಕಿಂತ ಚುರುಕು.

ಪ್ರವೇಶಕ್ಕೆ ಪ್ರಯತ್ನ ಮಾಡುವವರಿಗೆ ಒಂದು ಸಲಹೆ: ಸಮಿತಿಯ ಅರ್ಜಿ ಹಾಕಿದ ದಿನವೇ ವೈದ್ಯರ ಸಮಯವನ್ನೂ ಕೇಳಿಬಿಡಿ, ಮೊದಲ ವರ್ಷದ ಯೋಜನೆಯನ್ನು ಬಿಎಸ್‌ಎಲ್-2ರಲ್ಲೇ ಮುಗಿಯುವ ಹಾಗೆ ಹಾಕಿಕೊಳ್ಳಿ. ಕೆಲಸಕ್ಕಲ್ಲ, ಕುತೂಹಲಕ್ಕೆ ಒಳಗೆ ನೋಡಬೇಕು ಎನ್ನುವವರು ವಾರ್ಷಿಕ ಮೆಂಟೆನೆನ್ಸ್ ಸಮಯದಲ್ಲಿ ವಿಚಾರಿಸಿ. ರೋಗಾಣುಗಳನ್ನೆಲ್ಲ ಭದ್ರ ಮಾಡಿ, ಕೋಣೆಗೆ ಹೊಗೆ ಹಾಕಿ ಶುದ್ಧ ಮಾಡಿದ ಮೇಲೆ ಕೆಲವು ಕಡೆ ಒಂದು ಸುತ್ತು ತೋರಿಸುತ್ತಾರೆ.