ವೀಗನ್ ರೆಸಿಪಿ ಹುಡುಕುವಾಗ ತಾರೀಖಿನ ಮಿತಿ ಹಾಕಿ

ಮೊಟ್ಟೆ, ಹಾಲು ಇಲ್ಲದ ಬೇಕಿಂಗ್ ರೆಸಿಪಿ ಬೇಕಿದ್ದರೆ ಗೂಗಲ್‌ನಲ್ಲಿ ಹುಡುಕಿದ ಮೇಲೆ 'ಟೂಲ್ಸ್' ಒತ್ತಿ, 'ಕಸ್ಟಮ್ ರೇಂಜ್'ನಲ್ಲಿ ಕೊನೆಯ ದಿನಾಂಕವನ್ನು 2022ರ ನವೆಂಬರ್ 1 ಎಂದು ಕೊಡಿ. ಕೇಳಿದ್ದನ್ನು ತಾನೇ ಬರೆದುಕೊಡುವ ಎಐ ಚಾಟ್‌ಜಿಪಿಟಿ ಬಂದಿದ್ದು ಅದೇ ತಿಂಗಳ 30ಕ್ಕೆ, ಆಮೇಲಿನ ಪುಟಗಳಲ್ಲಿ ರೆಸಿಪಿಯನ್ನು ಯಂತ್ರವೇ ಬರೆದಿರಬಹುದು. ಅದಕ್ಕಿಂತ ಹಿಂದಿನ ಪುಟಗಳಲ್ಲಿ ಯಾರೋ ನಿಜವಾಗಿ ಮಾಡಿ ನೋಡಿದ ರೆಸಿಪಿ ಸಿಗುವ ಸಾಧ್ಯತೆ ಜಾಸ್ತಿ. ವೀಗನ್ ಅಡುಗೆಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಮೊಟ್ಟೆಗೆ ಒಂದೇ ಬದಲಿ ಇಲ್ಲ. ಒಂದು ಚಮಚ ಅಗಸೆ ಪುಡಿಗೆ ಮೂರು ಚಮಚ ನೀರು ಬೆರೆಸಿದರೆ ಕುಕೀಸ್ ಹಿಟ್ಟು ಹಿಡಿದುಕೊಳ್ಳುತ್ತದೆ, ಆದರೆ ಅದನ್ನು ಎಷ್ಟು ಬೀಟ್ ಮಾಡಿದರೂ ಮೊಟ್ಟೆಯ ಬಿಳಿಯಂತೆ ನೊರೆ ನಿಲ್ಲುವುದಿಲ್ಲ. ನೊರೆಗೆ ಕಡಲೆಕಾಳು ಬೇಯಿಸಿದ ಗಟ್ಟಿ ನೀರಿನಂಥದ್ದು ಬೇಕು. ಯಂತ್ರ ಬರೆದ ರೆಸಿಪಿ ಇವೆರಡನ್ನೂ ಸುಮ್ನೆ ಅದಲು ಬದಲು ಮಾಡಿಬಿಡಬಹುದು, ಓದುವಾಗ ಗೊತ್ತೂ ಆಗುವುದಿಲ್ಲ! ಹಾಗಂತ ಹಳೆಯದೆಲ್ಲ ಚಿನ್ನ ಅಂತಲ್ಲ. ಆಗಲೂ ಕದ್ದ ರೆಸಿಪಿಗಳು ಬೇಕಾದಷ್ಟಿದ್ದವು. ಕೆಲವು ಪುಟಗಳು ಹಳೇ ತಾರೀಖು ಇಟ್ಟುಕೊಂಡೇ ಒಳಗಿನ ಬರಹ ಬದಲಿಸಿರುತ್ತವೆ. ಅನುಮಾನ ಬಂದರೆ, ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ಎಂಬ ಜಾಲತಾಣದಲ್ಲಿ ಆ ಪುಟದ ಹಳೆಯ ಪ್ರತಿ ಇದೆಯಾ ನೋಡಿ. ಪ್ಯಾಕೆಟ್ ತಿಂಡಿ ವೀಗನ್ ಹೌದೋ ಅಲ್ಲವೋ ಅನ್ನುವುದಕ್ಕೆ ಮಾತ್ರ ಈ ಉಪಾಯ ಬೇಡವೇ ಬೇಡ. ಕಂಪನಿಗಳು ಪದಾರ್ಥ ಬದಲಿಸುತ್ತಿರುತ್ತವೆ, ಅದಕ್ಕೆ ಕೈಯಲ್ಲಿರುವ ಪ್ಯಾಕೆಟ್ಟಿನ ಲೇಬಲ್ಲೇ ಓದಬೇಕು.