ಹತ್ತು ತಿಂಗಳಾದರೂ ಬೆದೆಗೆ ಬಾರದ ಮರಿಗಳು

ಚಾಕಣದ ಕಂಪನಿ ಕೆಲಸ ಬಿಟ್ಟು ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ ಕುರಿ ಕಟ್ಟಿದಾಗ ನನ್ನ ಹತ್ತಿರ 22 ದಖ್ಖನಿ ಕುರಿ, ಒಂದು ಟಗರು ಇದ್ದವು. ವಿಜಯಪುರ ಕಡೆಯ ಕುರುಬರ ಮನೆಯವನು ನಾನು, ಕುರಿ ನನಗೆ ಹೊಸದಲ್ಲ. ಆದರೂ ಮೊದಲ ವರ್ಷದ ಹೆಣ್ಣು ಮರಿಗಳು ನಿದ್ದೆ ಕೆಡಿಸಿದವು. ಹತ್ತು ತಿಂಗಳಾದರೂ ಒಂಬತ್ತರಲ್ಲಿ ಒಂದೂ ಬೆದೆಗೆ ಬರಲಿಲ್ಲ.

ಟಗರು ಬದಲಿಸು ಅಂದವರಿದ್ದರು. ಮಾರಿಬಿಡು ಅಂದವರೂ ಇದ್ದರು. ಅವ್ವನಿಗೆ ಫೋನ್ ಮಾಡಿದೆ. "ಹಸದ ಮರಿ ಬೆದಿಗೆ ಬರೂದಿಲ್ಲಪಾ, ಮೊದಲ ಅದರ ಹೊಟ್ಟಿ ನೋಡು" ಅಂದಳು.

ಈರುಳ್ಳಿ ತೂಗುವ ತಕ್ಕಡಿ ತಂದು ಒಂದೊಂದೇ ಮರಿ ತೂಗಿದೆ. 14 ಕೆಜಿ, 15 ಕೆಜಿ. ನಮ್ಮ ದೊಡ್ಡ ಕುರಿಗಳು 30 ಕೆಜಿ ಆಸುಪಾಸು ಇದ್ದವು. ಅಂದರೆ ಬರೀ ಅರ್ಧ. ಹೆಣ್ಣು ಮರಿ ದೊಡ್ಡದಾದಾಗ ಇರುವ ತೂಕದ ನೂರಕ್ಕೆ ಸುಮಾರು 60–65 ಪಾಲು ಮುಟ್ಟಿದ ಮೇಲೆ ಟಗರಿಗೆ ಬಿಡಬೇಕು. ನಾನು ವಯಸ್ಸು ಎಣಿಸುತ್ತಾ ಕೂತಿದ್ದೆ, ತೂಕ ನೋಡಿರಲಿಲ್ಲ.

ಕಾರಣ ನನ್ನ ಕೈಯಲ್ಲೇ ಇತ್ತು. ಬಕ್ರೀದ್‌ಗೆ ಮಾರುವ ಗಂಡು ಮರಿಗೆ ಹಿಂಡಿ, ಹೆಣ್ಣು ಮರಿಗೆ ಕೊಯ್ದ ಹೊಲದ ಕೂಳೆ. ನಮ್ಮೂರಲ್ಲೂ ಹೀಗೇ, ಇಲ್ಲಿ ಪಕ್ಕದ ವಾಡಿಯ ಕುರಿ ಸಾಕುವ ಧನಗರರಲ್ಲೂ ಹೀಗೇ. ನಾಳೆ ಹಿಂಡು ಬೆಳೆಸುವುದು ಆ ಹೆಣ್ಣು ಮರಿಯೇ ಅಲ್ವಾ? ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಓದಿ ತಿಳಿದುಕೊಂಡೆ. ಮರಿಯ ಅಂಡಾಶಯ ಬೇಗನೇ ತಯಾರಾಗಿರುತ್ತದೆ. ತಡೆ ಇರುವುದು ಮಿದುಳಿನಲ್ಲಿ. ಅಲ್ಲಿಂದ ಸೂಚನೆ ಬಂದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಮತ್ತೆ ಮತ್ತೆ ಮಿಡಿದು ಬರಬೇಕು, ಆಗಲೇ ಅಂಡ ಬಿಡುಗಡೆ. ಮೈಯ ಕೊಬ್ಬಿನಿಂದ ಬರುವ ಲೆಪ್ಟಿನ್, ಮೇವಿನಿಂದ ಏರುವ ಇನ್ಸುಲಿನ್ ಇವೆಲ್ಲ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ: ಮೈಯಲ್ಲಿ ಕೂಡಿಟ್ಟದ್ದು ಸಾಕಷ್ಟಿದೆ, ಇನ್ನು ಗಬ್ಬ ಹೊರಬಹುದು ಅಂತ. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಫಾಸ್ಟರ್ ಮತ್ತು ಜೊತೆಯವರು ಮೇವು ಕಡಿಮೆ ಮಾಡಿ ಮರಿಗಳ ಬೆಳವಣಿಗೆ ತಡೆದು ನೋಡಿದ್ದರು. ವಯಸ್ಸು ಮೀರಿದರೂ ಅವು ಬೆದೆಗೆ ಬರಲಿಲ್ಲ. ಹೊಟ್ಟೆ ತುಂಬ ತಿನ್ನಿಸಿದ ಮೇಲೆ ಬಂದವು. ಅದನ್ನು ಓದಿ ಎಷ್ಟು ಧೈರ್ಯ ಬಂತು ಅಂದರೆ, ಮಾರುವ ಮಾತನ್ನೇ ಬಿಟ್ಟೆ.

ಮೊದಲು ಜಂತಿನ ಔಷಧಿ ಕುಡಿಸಿದೆ. ಗಂಡು ಮರಿಗಳಿಂದ ಬೇರೆ ಮಾಡಿದೆ, ಇಲ್ಲದಿದ್ದರೆ ಗೋದಲಿಯಲ್ಲಿ ಇವುಗಳನ್ನು ನೂಕಿಬಿಡುತ್ತವೆ. ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿ, ಗೋಧಿ ತೌಡು ಕಲಸಿ ದಿನಕ್ಕೆ 50 ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ 250 ಗ್ರಾಂಗೆ ಏರಿಸಿದೆ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಹುಳಿಯಾಗಿ ಮರಿ ಸಾಯಲೂಬಹುದು. ಜೊತೆಗೆ ತೊಗರಿ ಹೊಟ್ಟು, ಸ್ವಲ್ಪ ಕುದುರೆಮೆಂತೆ (ಲೂಸರ್ನ್ ಮೇವು). ರೋಗ ಬಿದ್ದ ಕುದುರೆಮೆಂತೆಯನ್ನು ಮಾತ್ರ ಬೆದೆಯ ಕಾಲದಲ್ಲಿ ಹಾಕುವುದಿಲ್ಲ. ಅದರಲ್ಲಿ ಹೆಣ್ಣು ಹಾರ್ಮೋನಿನಂತೆ ನಡೆದುಕೊಳ್ಳುವ ಅಂಶ ಜಾಸ್ತಿಯಾಗುತ್ತದೆ. ಖನಿಜ ಪುಡಿ ಕುರಿಗೆಂದೇ ಮಾಡಿದ್ದನ್ನು ತಂದೆ. ದನದ ಪುಡಿಯಲ್ಲಿ ತಾಮ್ರ ಹೆಚ್ಚು, ಕುರಿಗೆ ಅದು ವಿಷವಾಗಬಹುದು.

ಹಾರಿದರೂ ಗಬ್ಬ ನಿಲ್ಲದಂತೆ ಟಗರಿನ ಹೊಟ್ಟೆಗೆ ಗೋಣಿ ತುಂಡು ಕಟ್ಟಿ ಬೆಳಿಗ್ಗೆ, ಸಂಜೆ ಮರಿಗಳ ನಡುವೆ ಬಿಡುತ್ತಿದ್ದೆ. ಏಳನೇ ವಾರ ಒಂದು ಮರಿ ಟಗರಿನ ಹತ್ತಿರ ಹೋಗಿ ಬಾಲ ಆಡಿಸುತ್ತಾ ನಿಂತಿತು. ತೂಗಿದರೆ 19 ಕೆಜಿ. ಆ ದಿನ ಅವ್ವನಿಗೆ ಮತ್ತೆ ಫೋನ್ ಮಾಡಿದೆ. ಆ ಬೆದೆಗೆ ಕಟ್ಟಿಸಲಿಲ್ಲ. ಸುಮಾರು 17 ದಿನಕ್ಕೆ ಮತ್ತೆ ಬರುತ್ತದೆ, ಆಗ ಕಟ್ಟಿಸಿದೆ. ಮುಂದಿನ ಎರಡು ತಿಂಗಳಲ್ಲಿ ಉಳಿದವೂ ಒಂದೊಂದಾಗಿ ಬಂದವು.

ಇಲ್ಲಿ ಇನ್ನೊಂದು ತಪ್ಪಾಯಿತು. ಖುಷಿಯಲ್ಲಿ ಗಬ್ಬದ ಮರಿಗಳಿಗೆ ಹಿಂಡಿ ಇನ್ನೂ ಏರಿಸಿದೆ. ಮೈ ತುಂಬಿಕೊಂಡು ಹೊಳೆಯುತ್ತಿದ್ದವು. ಅವು ಈದಾಗ ಹುಟ್ಟಿದ ಮರಿಗಳಲ್ಲಿ ಎರಡು ಒಂದೂವರೆ ಕೆಜಿ ಕೂಡ ಇರಲಿಲ್ಲ. ಒಂದು ಮರುದಿನವೇ ಹೋಯಿತು. ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿರುವ ರೋವೆಟ್ ಸಂಸ್ಥೆ ಇದನ್ನೇ ಅಧ್ಯಯನ ಮಾಡಿದೆ. ಇನ್ನೂ ಬೆಳೆಯುತ್ತಿರುವ ತಾಯಿಗೆ ಗಬ್ಬದಲ್ಲಿ ಅತಿಯಾಗಿ ತಿನ್ನಿಸಿದರೆ ಮೇವೆಲ್ಲ ತಾಯಿಯ ಮೈಗೇ ಹೋಗುತ್ತದೆ, ಮಾಸು ಸಣ್ಣದಾಗುತ್ತದೆ, ಹೊಟ್ಟೆಯ ಮರಿ ಬಡವಾಗುತ್ತದೆ. ಈಗ ಕಟ್ಟಿಸಿದ ಮೇಲೆ ಹದವಾಗಿ ಕೊಡುತ್ತೇನೆ, ಐದು ತಿಂಗಳ ಗಬ್ಬದಲ್ಲಿ ಕೊನೆಯ ಆರು ವಾರ ಮಾತ್ರ ಏರಿಸುತ್ತೇನೆ. ಹೆಣ್ಣು ಮರಿಗೆ ತಾಯಿ ಹಾಲು ಬಿಡಿಸಿದ ಹೊಸದರಲ್ಲೂ ಅತಿ ಮಾಡುವುದಿಲ್ಲ. ಆಗ ಕೆಚ್ಚಲಿನಲ್ಲಿ ಹಾಲಿನ ಗ್ರಂಥಿಯ ಜಾಗದಲ್ಲಿ ಕೊಬ್ಬು ತುಂಬುತ್ತದೆ.

ಮೂರು ತಿಂಗಳಿಗೆ 11 ಕೆಜಿ ಇರುವ ಮರಿ ದಿನಕ್ಕೆ 70 ಗ್ರಾಂ ಏರಿದರೂ ಏಳು ತಿಂಗಳಿಗೆ 19 ದಾಟುತ್ತದೆ. ನನಗೆ ಅಷ್ಟು ಸಾಕು.

ಪ್ರತಿ ಅಮಾವಾಸ್ಯೆಗೆ ತೂಗಿ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಈ ಸಲ ಕಿವಿಯ ಮೇಲೆ ಬಿಳಿ ಚುಕ್ಕೆಯ ಮರಿ 19 ಕೆಜಿ 400 ಗ್ರಾಂ. ಒಂದು ಬೆದೆ ಆಗಿಹೋಗಿದೆ. ಬರುವ ವಾರ ಟಗರಿನ ಗೋಣಿ ಬಿಚ್ಚುತ್ತೇನೆ.